ಬೋಟಿನ ಎಂಜಿನ್ ಬಿಸಿ ಅಳೆಯುವುದು ಹೇಗೆ? ಇನ್‌ಫ್ರಾರೆಡ್ ಮಾಪಕ ಎಡವುವುದೆಲ್ಲಿ?

ಶಿರ್ವ: ಶಿರ್ವದಿಂದ ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಕಾಪುವಿನ ಕಡಲತೀರ. ಬಂಟಕಲ್ಲು, ಶಂಕರಪುರ, ಕಟಪಾಡಿ ಮಾರ್ಗವಾಗಿ ಸಾಗಿ ಉತ್ತರಕ್ಕೆ ತಿರುಗಿದರೆ ಉದ್ಯಾವರ, ಅದರಾಚೆ ರಾಜ್ಯದ ಪ್ರಮುಖ ಮೀನುಗಾರಿಕಾ ಬಂದರು ಮಲ್ಪೆ. ಈ ತೀರದ ಮೀನುಗಾರಿಕೆ ಇಂದು ಬಹುಮಟ್ಟಿಗೆ ಎಂಜಿನ್ ಅನ್ನೇ ನೆಚ್ಚಿಕೊಂಡಿದೆ. ನಾಡದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್‌ನಿಂದ ಹಿಡಿದು ಆಳಸಮುದ್ರ ಬೋಟಿನ ಒಡಲಲ್ಲಿರುವ ಬಹು ಸಿಲಿಂಡರಿನ ಡೀಸೆಲ್ ಎಂಜಿನ್‌ವರೆಗೆ ಎಲ್ಲಕ್ಕೂ ಇರುವ ಸಮಾನ ಶತ್ರು ಮಿತಿಮೀರಿದ ಬಿಸಿ.

ಎಂಜಿನ್ ಬಿಸಿಯಾಗುತ್ತಿದೆಯೇ ಎಂದು ತಿಳಿಯಲು ಅನುಭವಿ ಚಾಲಕರು ಹಿಂದಿನಿಂದಲೂ ಅಂಗೈಯನ್ನೂ ಮೂಗನ್ನೂ ಕಿವಿಯನ್ನೂ ನಂಬಿದವರು. ಡ್ಯಾಶ್‌ಬೋರ್ಡಿನ ಗೇಜ್ ಇದ್ದರೂ ಉಪ್ಪು ಗಾಳಿಗೆ ಅದರ ತಂತಿಗಳು ಕಿಲುಬು ಹಿಡಿದು ಮುಳ್ಳು ನಿಂತಲ್ಲೇ ನಿಲ್ಲುವುದುಂಟು. ಈ ಕೊರತೆಯನ್ನು ತುಂಬಲು ಬಳಕೆಗೆ ಬಂದಿರುವ ಸಾಧನವೇ ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್. 2020ರ ಕೊರೊನಾ ಕಾಲದಲ್ಲಿ ಕಚೇರಿ, ಅಂಗಡಿ, ದೇವಸ್ಥಾನಗಳ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಸಾಧನದ ತತ್ವವೇ ಇದರದ್ದೂ ಆಗಿದೆ.

ಗುಂಡಿ ಒತ್ತಿದೊಡನೆ ಅಂಕಿ ಮೂಡುತ್ತದೆ. ತೊಡಕು ಇರುವುದೂ ಅಲ್ಲಿಯೇ. ಹೇಗೆ ಹಿಡಿದರೂ, ಎಲ್ಲಿಗೆ ಹಿಡಿದರೂ ಈ ಸಾಧನ ಒಂದಲ್ಲ ಒಂದು ಅಂಕಿಯನ್ನು ತೋರಿಸಿಯೇ ತೀರುತ್ತದೆ. ಕುದಿಯುವ ಹಂತಕ್ಕೆ ಬಂದಿರುವ ಎಂಜಿನ್ ಅನ್ನು ತಣ್ಣಗಿದೆ ಎಂದು ತೋರಿಸುವ ಸಾಧ್ಯತೆಯೂ ಇದೆ. ದಡದಿಂದ ಹತ್ತಾರು ಮೈಲಿ ದೂರದಲ್ಲಿರುವ ಬೋಟಿಗೆ ಇದು ಸಣ್ಣ ತಪ್ಪಲ್ಲ.

ತಂಪು ಕೆಟ್ಟರೆ ಆಗುವುದೇನು?

ಡೀಸೆಲ್ ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗದಿಂದ ಶೇ. 40ರಷ್ಟು ಮಾತ್ರ ಪ್ರೊಪೆಲ್ಲರ್ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದದ್ದು ಹೊಗೆಯೊಡನೆ ಮತ್ತು ತಂಪುನೀರಿನೊಡನೆ ಬಿಸಿಯಾಗಿ ಹೊರಹೋಗಬೇಕು. ರಸ್ತೆಯ ವಾಹನಗಳಲ್ಲಿ ರೇಡಿಯೇಟರ್ ಮಾಡುವ ಕೆಲಸವನ್ನು ಬೋಟಿನಲ್ಲಿ ಸಮುದ್ರದ ನೀರು ಮಾಡುತ್ತದೆ.

ಇದರಲ್ಲಿ ಎರಡು ಪದ್ಧತಿಗಳು ಮುಖ್ಯವಾದವು. ಮೊದಲನೆಯದರಲ್ಲಿ ಸಮುದ್ರದ ನೀರು ನೇರವಾಗಿ ಎಂಜಿನ್‌ನ ಒಳಗೆ ಹರಿದು ಹೊರಬೀಳುತ್ತದೆ. ಔಟ್‌ಬೋರ್ಡ್ ಎಂಜಿನ್‌ಗಳು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ಎರಡನೆಯದರಲ್ಲಿ ಎಂಜಿನ್‌ನೊಳಗೆ ಸಿಹಿನೀರು ಅಥವಾ ಕೂಲೆಂಟ್ ಸುತ್ತುತ್ತಿರುತ್ತದೆ. ಅದರ ಬಿಸಿಯನ್ನು ಹೀಟ್ ಎಕ್ಸ್‌ಚೇಂಜರ್ ಎಂಬ ಭಾಗದಲ್ಲಿ ಸಮುದ್ರದ ನೀರು ಹೀರಿಕೊಳ್ಳುತ್ತದೆ. ಒಳಗೆ ಎಂಜಿನ್ ಕೂರಿಸಿದ ದೊಡ್ಡ ಬೋಟುಗಳಲ್ಲಿ ಈ ಪದ್ಧತಿ ಹೆಚ್ಚು.

ಸಮುದ್ರದ ನೀರು ಒಳಬರುವ ದಾರಿಯಲ್ಲಿ ಪ್ಲಾಸ್ಟಿಕ್ ಚೀಲ, ಲೋಳೆಮೀನು, ಪಾಚಿ ಸಿಲುಕಬಹುದು. ಅಳಿವೆಯ ಮರಳು ಪಂಪಿನ ರಬ್ಬರ್ ಇಂಪೆಲ್ಲರ್ ಅನ್ನು ಸವೆಸಬಹುದು. ಹೀಟ್ ಎಕ್ಸ್‌ಚೇಂಜರ್‌ನ ಕೊಳವೆಗಳಲ್ಲಿ ಉಪ್ಪು, ಸುಣ್ಣದ ಪದರ ಕಟ್ಟಬಹುದು. ಯಾವುದೇ ಕಾರಣದಿಂದ ನೀರು ಕಡಿಮೆಯಾದರೂ ಬಿಸಿ ಏರುತ್ತದೆ. ಹೆಡ್ ಗ್ಯಾಸ್ಕೆಟ್ ಸುಡುವುದು, ಸಿಲಿಂಡರ್ ಹೆಡ್ ಬಿರುಕು ಬಿಡುವುದು, ಕೊನೆಗೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ನಿಂತೇಹೋಗುವುದು ಇದರ ಮುಂದಿನ ಹಂತಗಳು. ಎಂಜಿನ್ ನಿಂತ ಬೋಟು ಗಾಳಿ, ಅಲೆಗಳ ವಶವಾಗುತ್ತದೆ. ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತಂದರೆ ಎರಡೂ ಬೋಟುಗಳ ದುಡಿಮೆ ಕೈತಪ್ಪುತ್ತದೆ.

ಸಾಧನ ಅಳೆಯುವುದು ಏನನ್ನು?

ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಪತ್ತೆ ಹಚ್ಚಿದವನು ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಷೆಲ್. 1800ರಲ್ಲಿ ಆತ ಪಟ್ಟಕದ ಮೂಲಕ ಸೂರ್ಯನ ಬೆಳಕನ್ನು ಬಣ್ಣಗಳಾಗಿ ಒಡೆದು, ಕೆಂಪು ಬಣ್ಣದ ಆಚೆ, ಬೆಳಕೇ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಪಾದರಸ ಮೇಲೇರಿತು. ಎಲ್ಲ ವಸ್ತುಗಳೂ ತಮ್ಮ ಉಷ್ಣತೆಗೆ ತಕ್ಕಂತೆ ಇಂತಹ ಕಿರಣಗಳನ್ನು ಸೂಸುತ್ತಲೇ ಇರುತ್ತವೆ.

ಉಷ್ಣತೆ ಏರಿದಂತೆ ಈ ಸೂಸುವಿಕೆ ಬಹು ಬೇಗ ಹೆಚ್ಚುತ್ತದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಸ್ಟೆಫಾನ್ ಮತ್ತು ಬೋಲ್ಟ್ಸ್‌ಮನ್ ಕಂಡುಕೊಂಡ ನಿಯಮದಂತೆ ಅದು ನಿರಪೇಕ್ಷ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. ಉದಾಹರಣೆಗೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಮೇಲ್ಮೈ 77 ಡಿಗ್ರಿಗೆ ಏರಿದರೆ ಅದು ಸೂಸುವ ಶಕ್ತಿ ಸುಮಾರು 1.85 ಪಟ್ಟಾಗುತ್ತದೆ. ಮಾಪಕದ ಮಸೂರ ಈ ಕಿರಣಗಳನ್ನು ಒಂದು ಸಂವೇದಕದ ಮೇಲೆ ಕೇಂದ್ರೀಕರಿಸುತ್ತದೆ. ಬಂದ ಶಕ್ತಿಯ ಲೆಕ್ಕದಿಂದ ಉಷ್ಣತೆಯ ಅಂಕಿ ಮೂಡುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಈ ಸಾಧನ ಎಂಜಿನ್‌ನ ಒಳಗಿನ ನೀರಿನ ಬಿಸಿಯನ್ನು ಅಳೆಯುವುದಿಲ್ಲ. ಅದು ನೋಡುವುದು ಹೊರಮೈಯನ್ನು ಮಾತ್ರ. ಥರ್ಮೋಸ್ಟಾಟ್ ಇರುವ ಕವಚದ ಹೊರಮೈ ಒಳಗಿನ ನೀರಿಗಿಂತ ಕೆಲವು ಡಿಗ್ರಿ ಕಡಿಮೆ ಇರುವುದು ಸಹಜ. ಗಾಜು, ಪಾರದರ್ಶಕ ಪ್ಲಾಸ್ಟಿಕ್ ಅಡ್ಡ ಇದ್ದರೆ ಸಾಧನ ಅವುಗಳ ಮೇಲ್ಮೈಯನ್ನೇ ಅಳೆಯುತ್ತದೆ. ಔಟ್‌ಬೋರ್ಡ್ ಎಂಜಿನ್‌ನ ಮೇಲಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಹಿಡಿದರೆ ಸಿಗುವುದು ಮುಚ್ಚಳದ ಬಿಸಿಯೇ ಹೊರತು ಎಂಜಿನ್‌ನದ್ದಲ್ಲ.

ಹೊಳೆಯುವ ಲೋಹದ ಮೋಸ

ಒಂದೇ ಉಷ್ಣತೆಯಲ್ಲಿದ್ದರೂ ಎಲ್ಲ ಮೇಲ್ಮೈಗಳು ಸಮನಾಗಿ ಕಿರಣ ಸೂಸುವುದಿಲ್ಲ. ಈ ಸಾಮರ್ಥ್ಯವನ್ನು ಎಮಿಸಿವಿಟಿ ಅಥವಾ ಉತ್ಸರ್ಜನಾಂಕ ಎಂದು ಕರೆಯುತ್ತಾರೆ. ಪರಿಪೂರ್ಣವಾಗಿ ಸೂಸುವ ಮೇಲ್ಮೈಗೆ 1 ಎಂಬ ಬೆಲೆ. ಎಂಜಿನ್ ಕೋಣೆಯಲ್ಲಿ ಎದುರಾಗುವ ಕೆಲವು ಮೇಲ್ಮೈಗಳ ಅಂದಾಜು ಬೆಲೆಗಳು ಹೀಗಿವೆ:

- ಬಣ್ಣ ಬಳಿದ ಲೋಹ: 0.90ರಿಂದ 0.95
- ರಬ್ಬರ್ ಹೋಸ್, ಕಪ್ಪು ಇನ್ಸುಲೇಶನ್ ಟೇಪ್: ಸುಮಾರು 0.95
- ನೀರು: ಸುಮಾರು 0.96
- ತುಕ್ಕು ಹಿಡಿದ ಎರಕದ ಕಬ್ಬಿಣ: 0.6ಕ್ಕಿಂತ ಮೇಲೆ, ತುಕ್ಕಿನ ಪ್ರಮಾಣಕ್ಕೆ ತಕ್ಕಂತೆ
- ಸ್ಟೇನ್‌ಲೆಸ್ ಸ್ಟೀಲ್: ಸುಮಾರು 0.1ರಿಂದ 0.3
- ಹೊಳೆಯುವ ಅಲ್ಯೂಮಿನಿಯಂ, ಉಜ್ಜಿದ ತಾಮ್ರ: 0.1 ಅಥವಾ ಅದಕ್ಕೂ ಕಡಿಮೆ

ಕಡಿಮೆ ಬೆಲೆಯ ಬಹುಪಾಲು ಸಾಧನಗಳು ಎದುರಿನ ವಸ್ತು ಯಾವುದೇ ಆಗಿರಲಿ, ಅದರ ಉತ್ಸರ್ಜನಾಂಕ 0.95 ಎಂದೇ ಎಣಿಸಿ ಲೆಕ್ಕ ಹಾಕುತ್ತವೆ. ಹೊಳೆಯುವ ಲೋಹ ತಾನು ಸೂಸುವುದು ಕಡಿಮೆ, ಸುತ್ತಲಿನ ವಸ್ತುಗಳ ಕಿರಣಗಳನ್ನು ಕನ್ನಡಿಯಂತೆ ಪ್ರತಿಫಲಿಸುವುದು ಹೆಚ್ಚು. ಹೀಗಾಗಿ ಸಾಧನದ ಲೆಕ್ಕ ತಪ್ಪುತ್ತದೆ.

ಈ ತಪ್ಪು ಎಷ್ಟು ದೊಡ್ಡದು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎಂಜಿನ್ ಕೋಣೆಯ ಉಷ್ಣತೆ 35 ಡಿಗ್ರಿ, ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯ ನಿಜವಾದ ಉಷ್ಣತೆ 90 ಡಿಗ್ರಿ, ಅದರ ಉತ್ಸರ್ಜನಾಂಕ 0.3 ಎಂದಿಟ್ಟುಕೊಂಡರೆ 0.95ಕ್ಕೆ ಹೊಂದಿಸಿದ ಸಾಧನ ತೋರಿಸುವುದು ಸುಮಾರು 55 ಡಿಗ್ರಿ. ಮೂವತ್ತೈದು ಡಿಗ್ರಿಗಳ ಅಂತರ! ಈ ಅಂಕಿಯನ್ನು ನಂಬಿದ ಚಾಲಕ ಎಂಜಿನ್ ತಣ್ಣಗಿದೆ ಎಂದು ತಿಳಿದು ಮುಂದೆ ಸಾಗುತ್ತಾನೆ. ಎಂಜಿನ್ ಕೋಣೆಯಲ್ಲಿ ಹೊಳೆಯುವ ಲೋಹದಿಂದಾಗುವ ತಪ್ಪು ಹೆಚ್ಚಾಗಿ ಹೀಗೆ ಅಪಾಯದ ಕಡೆಗೇ ವಾಲುತ್ತದೆ ಎಂಬುದು ಗಮನಾರ್ಹ.

ಪರಿಹಾರ ಸುಲಭವಾಗಿದೆ. ಅಳೆಯಬೇಕಾದ ಜಾಗವನ್ನು ಎಣ್ಣೆ, ಉಪ್ಪು ಇಲ್ಲದಂತೆ ಒರೆಸಿ, ಅಲ್ಲಿ ಹೊಳಪಿಲ್ಲದ ಕಪ್ಪು ಬಣ್ಣವನ್ನು ನಾಲ್ಕಾಣೆ ನಾಣ್ಯಕ್ಕಿಂತ ದೊಡ್ಡದಾಗಿ, ಅಂದರೆ ಐದಾರು ಸೆಂಟಿಮೀಟರ್ ಅಗಲಕ್ಕೆ ಬಳಿಯಬೇಕು. ಅಷ್ಟೇನೂ ಬಿಸಿಯಾಗದ ಭಾಗಗಳಲ್ಲಿ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿದರೂ ಸಾಕು. ಟೇಪ್ ಲೋಹದ ಬಿಸಿಗೆ ಬಂದ ಬಳಿಕ ಅಳೆಯಬೇಕು. ಹೊಗೆ ಕೊಳವೆಯಂತಹ ಅತಿ ಬಿಸಿ ಭಾಗಗಳಿಗೆ ಟೇಪ್ ಸಲ್ಲದು. ಬಿಸಿ ತಾಳುವ ಬಣ್ಣವೇ ಬೇಕು. ಪ್ರತಿ ಬಾರಿಯೂ ಅದೇ ಗುರುತಿಗೆ ಹಿಡಿಯುವುದರಿಂದ ಇಂದಿನ ಅಳತೆಯನ್ನು ನಿನ್ನೆಯದರೊಡನೆ ಹೋಲಿಸಲೂ ಅನುಕೂಲ.

ಕೆಂಪು ಚುಕ್ಕೆ ತೋರುವುದು ದಿಕ್ಕನ್ನು ಮಾತ್ರ

ಸಾಧನದಿಂದ ಹೊರಡುವ ಕೆಂಪು ಲೇಸರ್ ಚುಕ್ಕೆಯೇ ಬಿಸಿಯನ್ನು ಅಳೆಯುತ್ತದೆ ಎಂಬ ಭಾವನೆ ಹಲವರಲ್ಲಿದೆ. ಲೇಸರ್ ಕೇವಲ ದಿಕ್ಕು ತೋರುವ ಬೆರಳು. ನಿಜವಾದ ಅಳತೆ ಅದರ ಸುತ್ತಲಿನ ಒಂದು ವೃತ್ತದ ಸರಾಸರಿ.

ಈ ವೃತ್ತದ ಗಾತ್ರವನ್ನು ಸಾಧನದ ಮೇಲೆ ಅನುಪಾತವಾಗಿ ಮುದ್ರಿಸಿರುತ್ತಾರೆ. 12:1 ಎಂದಿದ್ದರೆ 60 ಸೆಂಟಿಮೀಟರ್ ದೂರದಿಂದ 5 ಸೆಂಟಿಮೀಟರ್ ಅಗಲದ ವೃತ್ತವನ್ನು ಅದು ಅಳೆಯುತ್ತದೆ. 8:1 ಸಾಧನ ಅದೇ 5 ಸೆಂಟಿಮೀಟರ್ ವೃತ್ತಕ್ಕೆ 40 ಸೆಂಟಿಮೀಟರ್ ಹತ್ತಿರ ಬರಬೇಕು. ಎಂಜಿನ್ ಕೋಣೆಯ ಏಣಿಯ ಮೇಲೆ ನಿಂತು ಒಂದೂವರೆ ಮೀಟರ್ ದೂರದಿಂದ 12:1 ಸಾಧನ ಹಿಡಿದರೆ ವೃತ್ತದ ಅಗಲ ಹನ್ನೆರಡೂವರೆ ಸೆಂಟಿಮೀಟರ್! ಪುಟ್ಟ ಥರ್ಮೋಸ್ಟಾಟ್ ಕವಚದ ಜೊತೆಗೆ ಅದರ ಹಿಂದಿನ ತಣ್ಣನೆಯ ಹಲಗೆಯೂ ಸರಾಸರಿಯಲ್ಲಿ ಸೇರಿಹೋಗುತ್ತದೆ.

ಅಳೆಯುವ ಭಾಗವು ವೃತ್ತದ ಎರಡರಷ್ಟಾದರೂ ದೊಡ್ಡದಿರಬೇಕು ಎಂಬುದು ರೂಢಿಯ ನಿಯಮ. ಐದು ಸೆಂಟಿಮೀಟರ್ ಗುರುತಿಗೆ 12:1 ಸಾಧನವನ್ನು 30 ಸೆಂಟಿಮೀಟರ್ ಒಳಗೆ, ಸಾಧ್ಯವಾದಷ್ಟು ನೇರವಾಗಿ ಹಿಡಿಯುವುದು ಸೂಕ್ತ. ತೀರಾ ಹತ್ತಿರದಲ್ಲಿ ಲೇಸರ್ ಚುಕ್ಕೆ ಮತ್ತು ಮಸೂರದ ದೃಷ್ಟಿ ಒಂದೇ ಕಡೆ ಇರುವುದಿಲ್ಲ. ಆಗ ಮಸೂರವನ್ನೇ ಗುರುತಿನ ಎದುರಿಗೆ ತರಬೇಕು. ಅಳೆಯುವವರು ತಿರುಗುವ ಬೆಲ್ಟ್, ಶಾಫ್ಟ್‌ಗಳ ಮೇಲೆ ಬಾಗಬಾರದು. ಇಳಿಬಿದ್ದ ಲುಂಗಿ, ಕೊರಳಿನ ಬೈರಾಸು ಎಂಜಿನ್ ಕೋಣೆಯಲ್ಲಿ ಅಪಾಯಕಾರಿ.

ಎಲ್ಲೆಲ್ಲಿ ಅಳೆಯಬೇಕು?

ಥರ್ಮೋಸ್ಟಾಟ್ ಕವಚ: ಎಂಜಿನ್‌ನ ಒಟ್ಟಾರೆ ಸ್ಥಿತಿ ಇಲ್ಲಿ ತಿಳಿಯುತ್ತದೆ. ಸಿಹಿನೀರು ಸುತ್ತುವ ಡೀಸೆಲ್ ಎಂಜಿನ್‌ಗಳಲ್ಲಿ ಕೂಲೆಂಟ್ ಸಾಮಾನ್ಯವಾಗಿ 75ರಿಂದ 95 ಡಿಗ್ರಿಯ ನಡುವೆ ಇರುತ್ತದೆ. ಸಮುದ್ರದ ನೀರೇ ಒಳಗೆ ಹರಿಯುವ ಎಂಜಿನ್‌ಗಳನ್ನು ಇದಕ್ಕಿಂತ ಕಡಿಮೆ ಬಿಸಿಯಲ್ಲಿ ಓಡಿಸುವಂತೆ ರೂಪಿಸಿರುತ್ತಾರೆ. ಸುಮಾರು 60 ಡಿಗ್ರಿ ಮೀರಿದರೆ ನೀರಿನ ಲವಣಗಳು ಪದರಗಟ್ಟುವುದು ಹೆಚ್ಚುತ್ತದೆ. ಆಯಾ ಎಂಜಿನ್‌ಗೆ ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ.

ಹೀಟ್ ಎಕ್ಸ್‌ಚೇಂಜರ್: ಸಮುದ್ರದ ನೀರು ಒಳಬರುವ ಮತ್ತು ಹೊರಹೋಗುವ ಹೋಸ್‌ಗಳನ್ನು ಅಳೆದು ಅಂತರ ನೋಡಬೇಕು. ಅಂತರ ದಿನೇ ದಿನೇ ಹೆಚ್ಚುತ್ತಿದ್ದರೆ ನೀರಿನ ಹರಿವು ಕಡಿಮೆಯಾಗುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾಗುತ್ತಿದ್ದರೂ ಈ ಅಂತರ ಕುಗ್ಗುತ್ತಿದ್ದರೆ ಕೊಳವೆಗಳಲ್ಲಿ ಪದರ ಕಟ್ಟಿ ಬಿಸಿ ನೀರಿಗೆ ದಾಟುತ್ತಿಲ್ಲ ಎಂಬ ಶಂಕೆ ಮೂಡಬೇಕು.

ಪ್ರತಿ ಸಿಲಿಂಡರಿನ ಹೊಗೆ ದ್ವಾರ: ಇಲ್ಲಿ ಹೋಲಿಕೆಗೇ ಹೆಚ್ಚಿನ ಮಹತ್ವ. ಐದು ದ್ವಾರಗಳು ಒಂದೇ ಮಟ್ಟದಲ್ಲಿದ್ದು ಆರನೆಯದು ಬಹಳ ತಣ್ಣಗಿದ್ದರೆ ಆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಇಂಜೆಕ್ಟರ್ ಪರೀಕ್ಷಿಸಬೇಕು. ನೀರಿನಿಂದ ಸುತ್ತುವರಿದ ಮ್ಯಾನಿಫೋಲ್ಡ್ ಆಗಿದ್ದರೆ ಈ ಹೋಲಿಕೆಯಿಂದ ಹೆಚ್ಚೇನೂ ತಿಳಿಯದು.

ಶಾಫ್ಟ್‌ನ ಗ್ಲ್ಯಾಂಡ್ ಮತ್ತು ಗೇರ್‌ಬಾಕ್ಸ್: ಪ್ರೊಪೆಲ್ಲರ್ ಶಾಫ್ಟ್ ಬೋಟಿನಿಂದ ಹೊರಹೋಗುವ ಜಾಗದಲ್ಲಿನ ಗ್ಲ್ಯಾಂಡ್ ಅನ್ನು ಅತಿಯಾಗಿ ಬಿಗಿದರೆ ಅದು ಬೇಗನೆ ಬಿಸಿಯಾಗುತ್ತದೆ. ಕೈ ತಾಗಿಸದೆ ಇದನ್ನು ಅಳೆಯಬಹುದಾಗಿರುವುದು ಈ ಸಾಧನದ ದೊಡ್ಡ ಪ್ರಯೋಜನ.

ಹೊಗೆ ಕೊಳವೆಯ ಹೊದಿಕೆ: ನೀರಿಲ್ಲದ ಹೊಗೆ ಕೊಳವೆಯ ಮೇಲ್ಮೈ 300 ಡಿಗ್ರಿ ದಾಟುವುದುಂಟು. ಸೋರಿದ ಡೀಸೆಲ್ ಇಂತಹ ಮೇಲ್ಮೈಗೆ ಸಿಡಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಈ ಕಾರಣದಿಂದಲೇ ದೊಡ್ಡ ವಾಣಿಜ್ಯ ಹಡಗುಗಳಿಗೆ ಅನ್ವಯಿಸುವ ಅಂತಾರಾಷ್ಟ್ರೀಯ ಸೋಲಾಸ್ ನಿಯಮಾವಳಿ, ಇಂಧನ ಸಿಡಿಯಬಹುದಾದ ಕಡೆ 220 ಡಿಗ್ರಿ ಮೀರುವ ಮೇಲ್ಮೈಗಳಿಗೆ ಉಷ್ಣನಿರೋಧಕ ಹೊದಿಕೆಯನ್ನು ಕಡ್ಡಾಯಗೊಳಿಸಿದೆ. ಹೊದಿಕೆಯ ಮೇಲೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಇದ್ದರೆ ಸಾಧನ ಮತ್ತೆ ಮೋಸ ಮಾಡುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮರದ ಬೋಟುಗಳಲ್ಲಿ ಕೊಳವೆ ಹಾದುಹೋಗುವ ಜಾಗದ ಹಲಗೆಯನ್ನೂ ಅಳೆಯುವುದು ಒಳಿತು.

ಯಾವಾಗ ಅಳೆಯಬೇಕು?

ದಕ್ಕೆಯಲ್ಲಿ ಕಟ್ಟಿದ ಬೋಟಿನ ಎಂಜಿನ್ ಅನ್ನು ಐದು ನಿಮಿಷ ಸುಮ್ಮನೆ ಓಡಿಸಿ ಅಳೆದರೆ ಏನೂ ತಿಳಿಯದು. ಭಾರ ಹೊತ್ತಾಗಲೇ ಎಂಜಿನ್‌ನ ನಿಜವಾದ ಸ್ಥಿತಿ ಹೊರಬೀಳುತ್ತದೆ. ಟ್ರಾಲ್ ಬಲೆ ಎಳೆಯುವಾಗ ಬೋಟಿನ ವೇಗ ಕಡಿಮೆಯಿದ್ದರೂ ಎಂಜಿನ್ ಮೇಲಿನ ಹೊರೆ ಅಧಿಕ. ಆದ್ದರಿಂದ ಕನಿಷ್ಠ 15ರಿಂದ 20 ನಿಮಿಷ ಒಂದೇ ಆರ್‌ಪಿಎಂನಲ್ಲಿ ಹೊರೆಯೊಡನೆ ಓಡಿದ ಬಳಿಕ ಅಳೆಯಬೇಕು.

ಸಮುದ್ರದ ನೀರಿನ ಬಿಸಿಯನ್ನೂ ಜೊತೆಗೆ ಬರೆದಿಡುವುದು ಅಗತ್ಯ. ಕರಾವಳಿಯ ಕಡಲಿನ ಮೇಲ್ಪದರ ಏಪ್ರಿಲ್-ಮೇ ತಿಂಗಳುಗಳಲ್ಲಿ ಸುಮಾರು 30 ಡಿಗ್ರಿಗೆ ಬರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಆಗಸ್ಟ್‌ನ ಅಂಕಿಗೂ ಮೇ ತಿಂಗಳ ಅಂಕಿಗೂ ಎರಡು-ಮೂರು ಡಿಗ್ರಿ ವ್ಯತ್ಯಾಸ ಕಂಡರೆ ಅದು ಎಂಜಿನ್‌ನ ದೋಷವೇ ಆಗಬೇಕೆಂದಿಲ್ಲ.

ಕರ್ನಾಟಕವೂ ಸೇರಿದಂತೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಎಂಜಿನ್ ಬಿಚ್ಚಿ ದುರಸ್ತಿ ಮಾಡುವ ಕಾಲ ಇದು. ದುರಸ್ತಿಯ ನಂತರದ ಮೊದಲ ಪ್ರಯಾಣದಲ್ಲೇ ಎಲ್ಲ ಗುರುತುಗಳ ಉಷ್ಣತೆಯನ್ನು ಪುಸ್ತಕದಲ್ಲಿ ಬರೆದಿಟ್ಟರೆ ವರ್ಷವಿಡೀ ಅದೇ ಅಳತೆಗೋಲು. ಬಿಡಿ ಅಂಕಿಗಿಂತ ಅಂಕಿಗಳ ಸಾಲು ಹೆಚ್ಚು ಮಾತನಾಡುತ್ತದೆ. ಎಂದಿನ ಅಂಕಿಗಿಂತ ಎಂಟು-ಹತ್ತು ಡಿಗ್ರಿ ಏರಿಕೆ ಕಂಡರೆ, ಅದು ಕೈಪಿಡಿಯ ಮಿತಿಯೊಳಗೇ ಇದ್ದರೂ, ಕಾರಣ ಹುಡುಕುವುದು ಜಾಣತನ.

ಐಸ್‌ನಿಂದಲೇ ಪರೀಕ್ಷೆ

ಸಾಧನ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಬಂದರಿನಲ್ಲಿ ಹೇರಳವಾಗಿ ಸಿಗುವ ಐಸ್ ಸಾಕು. ಪುಡಿ ಮಾಡಿದ ಐಸ್ ಅನ್ನು ಪಾತ್ರೆಯ ತುಂಬ ಹಾಕಿ, ಅದು ಮುಳುಗುವಷ್ಟು ಸಿಹಿನೀರು ಸುರಿದು, ಚೆನ್ನಾಗಿ ಕಲಕಿ, ಹತ್ತಿರದಿಂದ ಅಳೆದಾಗ ಅಂಕಿ ಸೊನ್ನೆಯ ಆಸುಪಾಸಿನಲ್ಲಿರಬೇಕು. ಎರಡು ಡಿಗ್ರಿ ಆಚೀಚೆ ಸಹ್ಯ. ಮೀನಿನ ಉಗ್ರಾಣದ ನೀರು ಬೆರೆತ ಐಸ್ ಇದಕ್ಕೆ ಒಗ್ಗದು. ಉಪ್ಪು ಸೇರಿದ ಐಸ್‌ನ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ.

ತಂಪಾದ ಕ್ಯಾಬಿನ್ ಅಥವಾ ಎ.ಸಿ. ಕಾರಿನಿಂದ ತಂದ ಸಾಧನವನ್ನು ಬಿಸಿ ಎಂಜಿನ್ ಕೋಣೆಯಲ್ಲಿ ಕೂಡಲೇ ಬಳಸಿದರೆ ತಪ್ಪು ಅಂಕಿ ಬರುತ್ತದೆ. ಸುಮಾರು ಅರ್ಧ ಗಂಟೆ ಅಲ್ಲಿಯ ಗಾಳಿಗೆ ಒಗ್ಗಲು ಬಿಡಬೇಕು. ಮಸೂರದ ಮೇಲೆ ಉಪ್ಪಿನ ಹನಿ, ಎಣ್ಣೆಯ ಆವಿ ಕುಳಿತರೆ ಮೃದುವಾದ ಬಟ್ಟೆಯಿಂದ ಒರೆಸಬೇಕು. ಹಬೆಯ ಮೂಲಕ ಅಳೆಯಬಾರದು.

ಕೊಳ್ಳುವಾಗ ನೋಡಬೇಕಾದ್ದು

ಹಣೆಗೆ ಹಿಡಿಯುವ ವೈದ್ಯಕೀಯ ಸಾಧನ ಎಂಜಿನ್‌ಗೆ ಉಪಯೋಗವಿಲ್ಲ. ಅದರ ವ್ಯಾಪ್ತಿ ಮನುಷ್ಯನ ದೇಹದ ಉಷ್ಣತೆಯ ಆಸುಪಾಸಿಗೆ ಸೀಮಿತ. ಚರ್ಮದ ಉಷ್ಣತೆಗೆ ಲೆಕ್ಕ ಕೂಡಿಸಿ ಅದು ದೇಹದ ಉಷ್ಣತೆಯನ್ನು ತೋರಿಸುತ್ತದೆ. ಎಂಜಿನ್‌ಗೆ ಕೈಗಾರಿಕಾ ಮಾದರಿಯೇ ಬೇಕು. ಉತ್ಸರ್ಜನಾಂಕವನ್ನು ಬದಲಿಸುವ ಸೌಲಭ್ಯ, ಕನಿಷ್ಠ 12:1 ಅನುಪಾತ, ಹೊಗೆ ಕೊಳವೆಯನ್ನೂ ಅಳೆಯುವುದಾದರೆ 500 ಡಿಗ್ರಿ ದಾಟುವ ವ್ಯಾಪ್ತಿ, ಈ ಮೂರನ್ನು ನೋಡಿ ಕೊಳ್ಳುವುದು ಸೂಕ್ತ.

ಅಂಕಿ ಏರಿದರೆ

ಎಂಜಿನ್ ಅಸಹಜವಾಗಿ ಬಿಸಿಯಾಗಿರುವುದು ಕಂಡುಬಂದರೆ ಮೊದಲು ಹೊರೆ ಇಳಿಸಬೇಕು. ಬೋಟಿನ ಪಕ್ಕದಿಂದ, ಔಟ್‌ಬೋರ್ಡ್ ಆದರೆ ಅದರ ಸೂಚಕ ರಂಧ್ರದಿಂದ, ನೀರು ಎಂದಿನಂತೆ ಹೊರಬೀಳುತ್ತಿದೆಯೇ ನೋಡಬೇಕು. ನೀರು ನಿಂತಿದ್ದರೆ ಎಂಜಿನ್ ಅನ್ನೂ ಕೂಡಲೇ ನಿಲ್ಲಿಸಬೇಕು. ಒಣಗಿದ ರಬ್ಬರ್ ಇಂಪೆಲ್ಲರ್ ಹಾಳಾಗಲು ಹೆಚ್ಚು ಹೊತ್ತು ಬೇಡ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿಯುವುದು, ಕೂಲೆಂಟ್ ಮುಚ್ಚಳ ತೆರೆಯುವುದು ಎರಡೂ ಅಪಾಯ. ಮೊದಲನೆಯದು ಹೆಡ್ ಅನ್ನು ಬಿರಿಯಿಸಬಹುದು, ಎರಡನೆಯದು ಮುಖವನ್ನು ಬೇಯಿಸಬಹುದು.

ಗೇಜ್, ಎಚ್ಚರಿಕೆ ಗಂಟೆ, ಚಾಲಕನ ಅನುಭವ ಇವುಗಳಿಗೆ ಇನ್‌ಫ್ರಾರೆಡ್ ಮಾಪಕ ಬದಲಿಯಲ್ಲ. ಗೇಜ್ ಒಂದು ಜಾಗದ ಬಿಸಿಯನ್ನು ಸದಾ ಹೇಳುತ್ತಿದ್ದರೆ, ಈ ಸಾಧನ ಹತ್ತು ಜಾಗಗಳ ಬಿಸಿಯನ್ನು ಕೇಳಿದಾಗ ಹೇಳುತ್ತದೆ. ಗೇಜ್‌ನ ಮುಳ್ಳು ಸುಳ್ಳು ಹೇಳುತ್ತಿದ್ದರೆ ಅದನ್ನೂ ಬಯಲಿಗೆಳೆಯುತ್ತದೆ. ಆದರೆ ಕಪ್ಪು ಬಣ್ಣದ ಗುರುತು, ಸರಿಯಾದ ದೂರ, ಒಂದೇ ಹೊರೆ ಮತ್ತು ತಪ್ಪದೆ ಬರೆದಿಡುವ ಪುಸ್ತಕ ಜೊತೆಗಿದ್ದಾಗ ಮಾತ್ರ ಅದರ ಅಂಕಿಯನ್ನು ನಂಬಿ ಬೋಟನ್ನು ಕಡಲಿಗೆ ಒಯ್ಯಬಹುದು.